ಲಿಗ್ನಿನ್, ಹೂವಿನ ಪರಿಮಳ ಮತ್ತು ಒಂದು ಕಿಣ್ವದ 'ಪಾತ್ರ': ಒಂದು ವಿಮರ್ಶೆ

ಒಂದು ಕಿಣ್ವಕ್ಕೆ ಸಸ್ಯದ ಜೀವನದಲ್ಲಿ ಇಂಥದೊಂದು 'ಪಾತ್ರ'ವಿದೆ ಎಂದು ಹೇಳುವಾಗ ನಾವು ನಿಜವಾಗಿ ಏನನ್ನು ಹೇಳುತ್ತಿದ್ದೇವೆ? ಸಸ್ಯರಸಾಯನದ ಬರೆವಣಿಗೆಯಲ್ಲಿ ಈ ಮಾತು ಎಷ್ಟು ಧಾರಾಳವಾಗಿ ಬಳಕೆಯಾಗುತ್ತಿದೆಯೆಂದರೆ, ಅದರ ಅರ್ಥವನ್ನು ಕುರಿತು ಯಾರೂ ನಿಂತು ಯೋಚಿಸುವಂತೆ ಕಾಣುವುದಿಲ್ಲ. ಆದರೆ ಇದರಲ್ಲಿ ಕಡಮೆಯೆಂದರೂ ಮೂರು ಬೇರೆ ಬೇರೆ ಮಾತುಗಳು ಅಡಗಿವೆ. ಶುದ್ಧಮಾಡಿದ ಕಿಣ್ವವು ಪ್ರನಾಳದಲ್ಲಿ ಒಂದು ವಸ್ತುವನ್ನು ಇನ್ನೊಂದನ್ನಾಗಿ ಮಾರ್ಪಡಿಸಬಲ್ಲುದು ಎಂಬುದು ಒಂದು. ಬದುಕಿರುವ ಸಸ್ಯದಲ್ಲಿ ಆ ಮಾರ್ಪಾಡು ನಡೆಯುವುದು ಮುಖ್ಯವಾಗಿ ಈ ಕಿಣ್ವದ ಮೂಲಕವೇ ಎಂಬುದು ಎರಡನೆಯದು. ಈ ಕಿಣ್ವವನ್ನು ತಗ್ಗಿಸಿದರೆ ಸಸ್ಯದ ಇಂಥಿಂಥ ಗುಣಗಳು ಬದಲಾಗುತ್ತವೆ ಎಂಬುದು ಮೂರನೆಯದು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಹೇಳುವುದೂ, ಮೂರನೆಯದನ್ನು ಕಂಡು ಎರಡನೆಯದು ಸಿದ್ಧವಾಯಿತೆಂದು ಭಾವಿಸುವುದೂ ಇಂದಿನ ಪ್ರಬಂಧಗಳಲ್ಲಿ ಅಪರೂಪವಲ್ಲ. ಪ್ರಕೃತ ಲೇಖನದಲ್ಲಿ ನಾವು ಕೆಫಿಯೋಯಿಲ್ ಶಿಕಿಮೇಟ್ ಎಸ್ಟರೇಸ್ ಎಂಬ ಒಂದೇ ಕಿಣ್ವವನ್ನು ಎತ್ತಿಕೊಂಡು, ಲಿಗ್ನಿನ್ನಿನ ನಿರ್ಮಾಣದಲ್ಲಿಯೂ ಪೆಟೂನಿಯ ಹೂವಿನ ಪರಿಮಳದಲ್ಲಿಯೂ ಅದಕ್ಕೆ ಪಾತ್ರವಿದೆಯೆಂಬ ಹೇಳಿಕೆಯನ್ನು ಈ ಮೂರು ಅರ್ಥಗಳ ಒರೆಗೆ ಹಚ್ಚಿ ನೋಡಬೇಕೆಂದಿದ್ದೇವೆ. ಜೀವರಸಾಯನವನ್ನು ಬೋಧಿಸುವವರಿಗಾಗಲಿ ಕಲಿಯುವವರಿಗಾಗಲಿ ಈ ವಿಚಾರ ಹೊರಗಿನದಲ್ಲ. ಕಪ್ಪು ಹಲಗೆಯ ಮೇಲೆ ನಾವು ಎಳೆಯುವ ಪ್ರತಿಯೊಂದು ಬಾಣದ ಗುರುತೂ ಇಂಥ ಒಂದು ವಾದದ ಮೇಲೆ ಕೊಟ್ಟ ತೀರ್ಪೇ ಆಗಿದೆ.

ಮೊದಲು ವಿಷಯದ ಪರಿಚಯವನ್ನು ಸ್ವಲ್ಪ ಮಾಡಿಕೊಳ್ಳುವುದು ಒಳ್ಳೆಯದು. ಗಿಡಮರಗಳು ನೆಟ್ಟಗೆ ನಿಲ್ಲುವುದಕ್ಕೂ, ಬೇರಿನಿಂದ ಎಲೆಯವರೆಗೆ ನೀರನ್ನು ಒಯ್ಯುವ ನಾಳಗಳು ಒಳಸೆಳೆತಕ್ಕೆ ಸಿಕ್ಕಿ ಕುಸಿಯದೆ ಇರುವುದಕ್ಕೂ ಕಾರಣವಾದ ವಸ್ತುಗಳಲ್ಲಿ ಲಿಗ್ನಿನ್ ಮುಖ್ಯವಾದುದು. ಕೋಶಭಿತ್ತಿಯ ಸೆಲ್ಯುಲೋಸ್ ಎಳೆಗಳನ್ನು ಕಟ್ಟಡದ ಕಂಬಿಗಳಿಗೆ ಹೋಲಿಸುವುದಾದರೆ, ಲಿಗ್ನಿನ್ ಅವುಗಳ ನಡುವೆ ತುಂಬಿ ಗಟ್ಟಿಯಾದ ಗಾರೆಯಂತಿದೆ. ಹೈಡೆಲ್‌ಬರ್ಗಿನ ಕಾರ್ಲ್ ಫ್ರಾಯ್ಡನ್‌ಬರ್ಗ್ ಅವರು ಕೋನಿಫೆರಿಲ್ ಆಲ್ಕೊಹಾಲಿನ ಅಣುಗಳನ್ನು ಕಿಣ್ವದ ನೆರವಿನಿಂದ ಹೆಣೆದು ಲಿಗ್ನಿನ್ನನ್ನು ಹೋಲುವ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಪಡೆದ ಮೇಲೆ, ಇದು ಸರಳವಾದ ಕೆಲವು ಆಲ್ಕೊಹಾಲುಗಳ ಹೆಣಿಗೆಯೆಂಬ ಅಭಿಪ್ರಾಯ ಗಟ್ಟಿಯಾಯಿತು. ಈ ಆಲ್ಕೊಹಾಲುಗಳು ಮೂರು: ಕೂಮರಿಲ್, ಕೋನಿಫೆರಿಲ್, ಸಿನಾಪಿಲ್. ಮೂರೂ ಹುಟ್ಟುವುದು ಫೀನೈಲ್ ಅಲನೀನ್ ಎಂಬ ಅಮೈನೋ ಆಮ್ಲದಿಂದ. ಈ ಅಮೈನೋ ಆಮ್ಲದಿಂದ ಅಮೋನಿಯವನ್ನು ಕಳೆದು ಸಿನ್ನಮಿಕ್ ಆಮ್ಲವನ್ನು ಕೊಡುವ ಕಿಣ್ವವನ್ನು ಕೌಕೋಲ್ ಮತ್ತು ಕಾನ್ ಎಂಬವರು ೧೯೬೧ರಲ್ಲಿ ಬಾರ್ಲಿಯ ಗಿಡದಿಂದ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಸಿನ್ನಮಿಕ್ ಆಮ್ಲವು ಕೂಮರಿಕ್ ಆಮ್ಲವಾಗಿ, ಅದರ ಉಂಗುರಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿ, ಮೀಥೈಲ್ ಗುಂಪು ಕೂಡಿ, ಕಡೆಗೆ ಕೋನಿಫೆರಿಲ್ ಆಲ್ಕೊಹಾಲಾಗುತ್ತದೆ.

ಇದೇ ಕೋನಿಫೆರಿಲ್ ಆಲ್ಕೊಹಾಲಿನಿಂದ ಇನ್ನೊಂದು ಬಗೆಯ ವಸ್ತುವೂ ಹುಟ್ಟುತ್ತದೆ. ಲವಂಗಕ್ಕೆ ಅದರ ಘಾಟನ್ನು ಕೊಡುವ, ತುಳಸಿಯಲ್ಲಿಯೂ ದೊರೆಯುವ ಯೂಜೆನಾಲ್ ಅಂಥದು. ಅದರ ಸೋದರವಸ್ತುವಾದ ಐಸೊಯೂಜೆನಾಲ್ ಪೆಟೂನಿಯ ಹೂವಿನ ರಾತ್ರಿಯ ಪರಿಮಳದಲ್ಲಿ ಸೇರಿದೆ. ೨೦೦೬ರಲ್ಲಿ ಕೊಯೆಡುಕ ಮತ್ತು ಸಂಗಡಿಗರು ಕಾಮಕಸ್ತೂರಿ ಮತ್ತು ಪೆಟೂನಿಯ ಗಿಡಗಳಲ್ಲಿ ಈ ಎರಡು ವಸ್ತುಗಳೂ ಕೋನಿಫೆರಿಲ್ ಆಲ್ಕೊಹಾಲಿನ ಎಸ್ಟರಿನಿಂದ ಹುಟ್ಟುತ್ತವೆಂದು ತೋರಿಸಿದರು. ಆ ಎಸ್ಟರನ್ನು ಮಾಡುವ ಪೆಟೂನಿಯದ ಕಿಣ್ವವು ಮರುವರ್ಷವೇ ಗೊತ್ತಾಯಿತು. ಕಾಂಡದಲ್ಲಿ ಗಾರೆಯಾಗುವ ಅಣುವೇ ದಳದಲ್ಲಿ ಗಾಳಿಗೆ ಹಾರಿ ಇರುಳಿನ ಪತಂಗವನ್ನು ಕರೆಯುವ ಪರಿಮಳವಾಗುತ್ತದೆಂಬುದು ಸ್ವಾರಸ್ಯವಾದ ಸಂಗತಿ. ಈ ಸ್ವಾರಸ್ಯವೇ ನಮ್ಮ ವಿಚಾರಕ್ಕೆ ಸ್ವಲ್ಪ ತೊಡಕನ್ನೂ ತಂದಿದೆ. ಅದು ಮುಂದೆ ತಿಳಿಯುತ್ತದೆ.

ಕೂಮರಿಕ್ ಆಮ್ಲಕ್ಕೆ ಎರಡನೆಯ ಹೈಡ್ರಾಕ್ಸಿಲ್ ಎಲ್ಲಿ, ಹೇಗೆ ಸೇರುತ್ತದೆ? ಈ ಒಂದು ಹೆಜ್ಜೆಯ ಚರಿತ್ರೆ ಎಲ್ಲಕ್ಕಿಂತ ಬೋಧಪ್ರದವಾಗಿದೆ. ಬಹುಕಾಲ ಪಠ್ಯಗಳಲ್ಲಿದ್ದ ಚಿತ್ರ ಸರಳವಾದುದು: ಕೂಮರಿಕ್ ಆಮ್ಲವು ನೇರವಾಗಿ ಕೆಫೀಯಿಕ್ ಆಮ್ಲವಾಗುತ್ತದೆ, ಅದು ಫೆರೂಲಿಕ್ ಆಮ್ಲವಾಗುತ್ತದೆ, ಹಾಗೆಯೇ ಮುಂದಕ್ಕೆ. (ಕೆಫೀಯಿಕ್ ಎಂಬ ಹೆಸರು ಕಾಫಿಯಿಂದ ಬಂದುದಾದರೂ ಈ ಆಮ್ಲಕ್ಕೂ ಕೆಫೀನಿಗೂ ರಚನೆಯಲ್ಲಿ ಯಾವ ಸಂಬಂಧವೂ ಇಲ್ಲ. ಕಾಫಿಬೀಜದಲ್ಲಿ ಹೇರಳವಾಗಿರುವ ಕ್ಲೋರೊಜೆನಿಕ್ ಆಮ್ಲವು ಇದರ ಎಸ್ಟರು; ವಿದ್ಯಾರ್ಥಿಗಳು ಇವನ್ನು ಕಲಸಿಕೊಳ್ಳುವುದನ್ನು ಎಲ್ಲ ಅಧ್ಯಾಪಕರೂ ಬಲ್ಲರು.) ಈ ಚಿತ್ರ ೨೦೦೧ರಲ್ಲಿ ಮುರಿದುಬಿತ್ತು. ಅರಾಬಿಡಾಪ್ಸಿಸ್ ಗಿಡದಲ್ಲಿ ಈ ಹೈಡ್ರಾಕ್ಸಿಲನ್ನು ಸೇರಿಸುವ ಕಿಣ್ವವು ಕೂಮರಿಕ್ ಆಮ್ಲವನ್ನು ಮುಟ್ಟುವುದಿಲ್ಲ, ಆ ಆಮ್ಲವು ಶಿಕಿಮಿಕ್ ಆಮ್ಲದೊಡನೆ ಅಥವಾ ಕ್ವಿನಿಕ್ ಆಮ್ಲದೊಡನೆ ಕೂಡಿ ಎಸ್ಟರಾಗಿದ್ದರೆ ಮಾತ್ರ ಸ್ವೀಕರಿಸುತ್ತದೆ ಎಂದು ಗೊತ್ತಾಯಿತು. ಎರಡು ವರ್ಷಗಳ ತರುವಾಯ ತಂಬಾಕಿನಲ್ಲಿ ಆ ಎಸ್ಟರನ್ನು ಕಟ್ಟುವ ವರ್ಗಾವಣ ಕಿಣ್ವವೂ ಸಿಕ್ಕಿತು. ಈ ವರ್ಗಾವಣ ಕಿಣ್ವ ಹಿಂದುಮುಂದಾಗಿಯೂ ಕೆಲಸಮಾಡಬಲ್ಲುದಾದ್ದರಿಂದ, ಹೈಡ್ರಾಕ್ಸಿಲ್ ಸೇರಿದ ಮೇಲೆ ಅದೇ ಕಿಣ್ವವು ಶಿಕಿಮಿಕ್ ಆಮ್ಲವನ್ನು ಕಳಚಿ ಕೋಎನ್ಜೈಮ್-ಎ ಯನ್ನು ಜೋಡಿಸುತ್ತದೆಂದು ವಿದ್ವಾಂಸರು ತೀರ್ಮಾನಿಸಿದರು. ಹೀಗೆ ಬಿಡಿಯಾದ ಕೆಫೀಯಿಕ್ ಆಮ್ಲಕ್ಕೆ ಲಿಗ್ನಿನ್ನಿನ ಮಾರ್ಗದಿಂದ ಬಹಿಷ್ಕಾರವಾಯಿತು.

ಆ ಬಹಿಷ್ಕಾರ ಹನ್ನೆರಡು ವರ್ಷ ನಡೆಯಿತು. ೨೦೧೩ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದ ವಾನ್‌ಹೋಮ್, ಬೋರ್ಯಾನ್ ಮತ್ತು ಅವರ ಸಂಗಡಿಗರು, ಅರಾಬಿಡಾಪ್ಸಿಸ್‌ನಲ್ಲಿ ಕೆಫಿಯೋಯಿಲ್ ಶಿಕಿಮೇಟನ್ನು ನೀರಿನಿಂದ ಒಡೆದು ಕೆಫೀಯಿಕ್ ಆಮ್ಲವನ್ನೂ ಶಿಕಿಮಿಕ್ ಆಮ್ಲವನ್ನೂ ಬಿಡಿಸುವ ಎಸ್ಟರೇಸನ್ನು ವರದಿಮಾಡಿದರು. ಹಳೆಯ ಕೆಫೀಯಿಕ್ ಆಮ್ಲವು ಬೇರೆ ಬಾಗಿಲಿನಿಂದ ಮನೆಯೊಳಕ್ಕೆ ಮರಳಿತು. ಈ ಪ್ರೋಟೀನಿಗೆ ಆ ಹಿಂದೆ ಕೊಬ್ಬಿನಂಶಗಳನ್ನು ಒಡೆಯುವ ಲೈಸೊಫಾಸ್ಫೊಲಿಪೇಸ್ ಎಂಬ ಹೆಸರಿದ್ದಿತೆಂಬುದನ್ನು ಓದುಗರು ಗಮನಿಸಬೇಕು. ಮುಂದೆ ೨೦೧೯ರಲ್ಲಿ, ಕೂಮರಿಕ್ ಆಮ್ಲಕ್ಕೆ ನೇರವಾಗಿ ಹೈಡ್ರಾಕ್ಸಿಲನ್ನು ಸೇರಿಸಬಲ್ಲ ಬೇರೊಂದು ಕಿಣ್ವವು ಬ್ರಾಕಿಪೋಡಿಯಂ ಎಂಬ ಹುಲ್ಲಿನಲ್ಲಿಯೂ ಅರಾಬಿಡಾಪ್ಸಿಸ್‌ನಲ್ಲಿಯೂ ಇದೆಯೆಂದು ಪ್ರಕಟವಾಯಿತು. ಎಂದರೆ ಅಳಿಸಿಹಾಕಿದ್ದ ಮೊದಲನೆಯ ಬಾಣವೂ ತಕ್ಕಮಟ್ಟಿಗೆ ಹಿಂದಿರುಗಿತು. ಮೂರು ಚಿತ್ರಗಳೂ ಪ್ರಯೋಗವನ್ನೇ ಆಧರಿಸಿದ್ದುವು. ಅವುಗಳಲ್ಲಿ ಯಾವುದನ್ನೂ ಅಜ್ಞಾನದ ಫಲವೆಂದು ತಳ್ಳುವಂತಿಲ್ಲ. ತಪ್ಪಿದ್ದುದು, ಒಂದು ಬಾಣ ಖಚಿತವಾದೊಡನೆ ಉಳಿದ ಬಾಣಗಳನ್ನು ಒರಸಿಹಾಕುವ ಆತುರದಲ್ಲಿ. ಹೆಸರುಗಳ ಹಟಮಾರಿತನವೂ ಇದಕ್ಕೆ ಸೇರಿಕೊಂಡಿದೆ. ಕೆಫೀಯಿಕ್ ಆಮ್ಲಕ್ಕೆ ಮೀಥೈಲ್ ಗುಂಪನ್ನು ಕೂಡಿಸುವ ಕಿಣ್ವವೆಂದು ಇಂದಿಗೂ ಹೆಸರಿರುವ ಪ್ರೋಟೀನು ಲಿಗ್ನಿನ್ನಿನ ಮಾರ್ಗದಲ್ಲಿ ಮುಖ್ಯವಾಗಿ ಕೆಲಸಮಾಡುವುದು ಆ ಆಮ್ಲದ ಮೇಲಲ್ಲ, ಇನ್ನೂ ಮುಂದಿನ ಆಲ್ಡಿಹೈಡುಗಳ ಮೇಲೆ ಎಂಬುದು ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೇ ತಿಳಿದುಬಂದಿತ್ತು. ಹೆಸರು ಮಾತ್ರ ಬದಲಾಗಲಿಲ್ಲ.

ಈಗ ನಮ್ಮ ಎಸ್ಟರೇಸಿಗೆ ಬರೋಣ. ಅರಾಬಿಡಾಪ್ಸಿಸ್ ಪ್ರಯೋಗದ ಸಾಕ್ಷ್ಯವು ಬಲವಾದುದೆಂದು ನಾವು ಒಪ್ಪುತ್ತೇವೆ. ಕಿಣ್ವವಿಲ್ಲದ ಉತ್ಪರಿವರ್ತಿತ ಗಿಡದಲ್ಲಿ ಲಿಗ್ನಿನ್ ಶೇಕಡಾ ೩೬ರಷ್ಟು ಇಳಿಯಿತು; ಕಿಣ್ವವು ಒಡೆಯಬೇಕಾಗಿದ್ದ ಕೆಫಿಯೋಯಿಲ್ ಶಿಕಿಮೇಟ್ ಗಿಡದಲ್ಲಿ ಶೇಖರವಾಯಿತು; ಶುದ್ಧಮಾಡಿದ ಕಿಣ್ವವು ಪ್ರನಾಳದಲ್ಲಿ ಅದನ್ನೇ ಒಡೆಯಿತು; ಉಳಿದ ಲಿಗ್ನಿನ್ನಿನಲ್ಲಿ, ಈ ಹೆಜ್ಜೆಯನ್ನು ಹಾಯದೆ ಹುಟ್ಟುವ ಕೂಮರಿಲ್ ಘಟಕಗಳ ಪಾಲು ಏರಿತು. ನಾಲ್ಕು ಸಂಗತಿಗಳೂ ಒಂದೇ ಜಾಗವನ್ನು ಬೆರಳುಮಾಡಿ ತೋರಿಸುತ್ತವೆ. ಆದರೆ ಅರಾಬಿಡಾಪ್ಸಿಸ್‌ನ ನ್ಯಾಯ ಎಲ್ಲ ಸಸ್ಯಗಳ ನ್ಯಾಯವಲ್ಲ. ೨೦೧೬ರಲ್ಲಿ ಮೆಡಿಕಾಗೊ ಎಂಬ ದ್ವಿದಳ ಸಸ್ಯದಲ್ಲಿ ಈ ಕಿಣ್ವ ತಪ್ಪಿದರೆ ಗಿಡವೇ ಅತಿಯಾಗಿ ಕುಳ್ಳಾಗುವುದೆಂದು ತೋರಿಸಿದ ಸಂಶೋಧಕರೇ, ಮುಸುಕಿನ ಜೋಳದಲ್ಲಿಯೂ ಬ್ರಾಕಿಪೋಡಿಯಂನಲ್ಲಿಯೂ ಇದಕ್ಕೆ ಸರಿಸಮನಾದ ಜೀನ್ ಕಾಣುವುದಿಲ್ಲವೆಂದೂ ಹೇಳಿದರು. ಮುಸುಕಿನ ಜೋಳದ ದಂಟು ಲಿಗ್ನಿನ್ ಇಲ್ಲದೆ ನಿಂತಿಲ್ಲ! ಇನ್ನು ಪಾಪ್ಲರ್ ಮರದಲ್ಲಿ ಈ ಕಿಣ್ವಕ್ಕೆ ಎರಡು ಜೀನುಗಳಿವೆ. ೨೦೨೧ರ ವರದಿಯಂತೆ ಒಂದನ್ನು ಕೆಡಿಸಿದರೆ ಏನೂ ಆಗದು. ಎರಡನ್ನೂ ಕೆಡಿಸಿದರೆ ಲಿಗ್ನಿನ್ ಶೇಕಡಾ ೩೫ರಷ್ಟು ಇಳಿದು ಬೆಳವಣಿಗೆಯೂ ಕುಂಠಿತವಾಗುತ್ತದೆ. ಒಂದು ಗಿಡದಲ್ಲಿ ಅನಿವಾರ್ಯವಾದುದು ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂಬುದು ಈ ಕ್ಷೇತ್ರದ ನಿತ್ಯಾನುಭವ.

ಪೆಟೂನಿಯಕ್ಕೆ ಸಂಬಂಧಿಸಿದ ಪ್ರಬಂಧ ೨೦೨೩ರಲ್ಲಿ ಪ್ರಕಟವಾಯಿತು. ಪರಿಮಳದ ಅಧ್ಯಯನಕ್ಕೆ ಹೆಸರಾದ, ಬಿಳಿಯ ಹೂ ಬಿಡುವ ಮಿಚೆಲ್ ತಳಿಯಲ್ಲಿ ಆರ್‌ಎನ್‌ಎ ಅಡ್ಡಿಯ ವಿಧಾನದಿಂದ ಎಸ್ಟರೇಸನ್ನು ತಗ್ಗಿಸಿದಾಗ ಕಾಂಡದ ಲಿಗ್ನಿನ್ ಕಡಮೆಯಾಯಿತು, ಗಿಡ ಕುಳ್ಳಾಯಿತು, ಹೂವಿನ ಪರಿಮಳ ವಸ್ತುಗಳಲ್ಲಿ ಹೆಚ್ಚಿನವು ಇಳಿದುವು. ಫೀನೈಲ್ ಅಲನೀನ್ ಮತ್ತು ಕೆಫೀಯಿಕ್ ಆಮ್ಲಗಳು ಗಣನೀಯವಾಗಿ ಕಡಮೆಯಾದುವು. ಫೆರೂಲಿಕ್ ಆಮ್ಲ ಮಾತ್ರ ಹಾಗೆ ಇಳಿಯಲಿಲ್ಲ. ಮಾರ್ಗದ ಇತರ ಕಿಣ್ವಗಳ ಜೀನುಗಳು ಹೆಚ್ಚು ಚುರುಕಾದುವು. ಸಿನ್ನಮಿಕ್ ಆಮ್ಲವನ್ನು ಕೂಮರಿಕ್ ಆಮ್ಲವನ್ನಾಗಿ ಮಾಡುವ ಕಿಣ್ವದ ಸಂದೇಶವಾಹಕ ಆರ್‌ಎನ್‌ಎ ಎರಡರಷ್ಟಕ್ಕೂ ಮೀರಿತು. ಇವು ಫಲಿತಾಂಶಗಳು. ಇವುಗಳಿಂದ ತೆಗೆದ ನಿರ್ಣಯವೇನೆಂದರೆ, ಈ ಎಸ್ಟರೇಸ್ ಪೆಟೂನಿಯದಲ್ಲಿ ಲಿಗ್ನಿನ್ನಿಗೂ ಬೆಳವಣಿಗೆಗೂ ಅತ್ಯಾವಶ್ಯಕ, ಪರಿಮಳದ ನಿಯಂತ್ರಣದಲ್ಲಿಯೂ ಅದಕ್ಕೆ ಭಾಗವಿದೆ ಎಂಬುದು.

ಲಿಗ್ನಿನ್ನಿನ ಅರ್ಧವನ್ನು ನಾವು ಬಹಳ ಮಟ್ಟಿಗೆ ಒಪ್ಪುತ್ತೇವೆ. ಅರಾಬಿಡಾಪ್ಸಿಸ್, ಮೆಡಿಕಾಗೊ, ಪಾಪ್ಲರ್‌ಗಳ ಅನುಭವ ಅದರ ಬೆನ್ನಿಗಿದೆ. ಪರಿಮಳದ ಅರ್ಧದಲ್ಲಿ ನಮಗೆ ಸಂದೇಹವಿದೆ. ಫಲಿತಾಂಶಗಳಲ್ಲಲ್ಲ, ಅವುಗಳನ್ನು ಓದುವ ರೀತಿಯಲ್ಲಿ.

ಪೆಟೂನಿಯದ ಪರಿಮಳವೆಂಬುದು ಒಂದೇ ವಸ್ತುವಲ್ಲ. ಅದರಲ್ಲಿ ಮೂರು ಕುಲಗಳಿವೆ. ಫೀನೈಲ್ ಅಸಿಟಾಲ್ಡಿಹೈಡ್ ಮತ್ತು ಫೀನೈಲ್ ಎಥನಾಲ್ ಒಂದು ಕುಲ. ಇವು ಫೀನೈಲ್ ಅಲನೀನಿನಿಂದ ನೇರವಾಗಿ ಕವಲೊಡೆಯುತ್ತವೆ, ಸಿನ್ನಮಿಕ್ ಆಮ್ಲದವರೆಗೂ ಬರುವುದಿಲ್ಲ. ಬೆನ್ಝಾಲ್ಡಿಹೈಡ್, ಮೀಥೈಲ್ ಬೆನ್ಝೊಯೇಟ್, ಬೆನ್ಝೈಲ್ ಬೆನ್ಝೊಯೇಟ್ ಮುಂತಾದುವು ಎರಡನೆಯ ಕುಲ. ಇವುಗಳ ಇಂಗಾಲದ ಬಾಲ ಮೊಟಕಾಗುವುದು ಸಿನ್ನಮಿಕ್ ಆಮ್ಲದ ಹಂತದಿಂದ. ಯೂಜೆನಾಲ್ ಮತ್ತು ಐಸೊಯೂಜೆನಾಲ್ ಮೂರನೆಯ ಕುಲ. ಇವು ಮಾತ್ರ ಕೋನಿಫೆರಿಲ್ ಆಲ್ಕೊಹಾಲಿನವರೆಗೆ ಇಳಿದುಬಂದು ಅಲ್ಲಿ ಲಿಗ್ನಿನ್ನಿನಿಂದ ಬೇರೆಯಾಗುತ್ತವೆ. ನಮ್ಮ ಎಸ್ಟರೇಸ್ ಇರುವುದು ಸಿನ್ನಮಿಕ್ ಆಮ್ಲಕ್ಕೂ ಕೋನಿಫೆರಿಲ್ ಆಲ್ಕೊಹಾಲಿಗೂ ನಡುವೆ. ಆದ್ದರಿಂದ ಅದನ್ನು ಹಾಯ್ದು ಬರಬೇಕಾದವು ಮೂರನೆಯ ಕುಲದ ಎರಡು ವಸ್ತುಗಳಷ್ಟೆ. ಮಿಚೆಲ್ ತಳಿಯಲ್ಲಿ ಹೇರಳವಾಗಿರುವ ಮೀಥೈಲ್ ಬೆನ್ಝೊಯೇಟಿಗೆ ಆ ದಾರಿಯ ಹಂಗಿಲ್ಲ.

ಕೆರೆಯ ಕೆಳಗಿನ ಕಾಲುವೆಯನ್ನು ನೆನೆಯೋಣ. ಮಧ್ಯದ ಒಂದು ತೂಬನ್ನು ಅರ್ಧ ಮುಚ್ಚಿದರೆ ಅದರ ಕೆಳಗಿನ ಗದ್ದೆಗಳಿಗೆ ನೀರು ಕಡಮೆಯಾಗಬೇಕು; ಮೇಲಿನ ಕವಲುಗಳ ಗದ್ದೆಗಳಿಗೆ ಮೊದಲಿನಷ್ಟೇ, ಅಥವಾ ಇನ್ನೂ ಹೆಚ್ಚಾಗಿ ಹರಿಯಬೇಕು. ಹಾಗಲ್ಲದೆ ಮೇಲಿನ ಗದ್ದೆಗಳೂ ಒಣಗಿದುವೆಂದು, ಕೆರೆಯಲ್ಲಿಯೇ ನೀರು ತಗ್ಗಿತೆಂದು ವರದಿ ಬಂದರೆ, ಇದು ತೂಬಿನ ವಿಚಾರವಷ್ಟೇ ಅಲ್ಲವೆಂದು ಊರಿನ ನೀರುಗಂಟಿಯೂ ಹೇಳಿಯಾನು. ಪೆಟೂನಿಯದಲ್ಲಿ ಆದುದು ಇದೇ. ಹೆಚ್ಚಿನ ಪರಿಮಳ ವಸ್ತುಗಳು ಇಳಿದುವೆಂದ ಮೇಲೆ ಆ ಇಳಿತವನ್ನು ಎರಡೇ ವಸ್ತುಗಳಿರುವ ಮೂರನೆಯ ಕುಲಕ್ಕೆ ಸೀಮಿತಗೊಳಿಸಲು ಬರುವುದಿಲ್ಲ. ಮಾರ್ಗದ ತಲೆಯಲ್ಲಿರುವ ಫೀನೈಲ್ ಅಲನೀನೇ ತಗ್ಗಿದೆ.

ಇದೇ ಗಿಡದಲ್ಲಿ ನಡೆದ ಹಿಂದಿನ ಪ್ರಯೋಗಗಳೊಡನೆ ಹೋಲಿಸಿದರೆ ನಮ್ಮ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೋನಿಫೆರಿಲ್ ಅಸಿಟೇಟನ್ನು ಮಾಡುವ ಕಿಣ್ವವನ್ನು ೨೦೦೭ರಲ್ಲಿ ತಗ್ಗಿಸಿದಾಗ ಪೆಟ್ಟುಬಿದ್ದುದು ಐಸೊಯೂಜೆನಾಲಿಗೆ. ಫೀನೈಲ್ ಅಸಿಟಾಲ್ಡಿಹೈಡಿನ ಕಿಣ್ವವನ್ನು ೨೦೦೬ರಲ್ಲಿ ತಗ್ಗಿಸಿದಾಗ ಹೋದುದು ಆ ವಸ್ತು ಮತ್ತು ಅದರಿಂದ ಹುಟ್ಟುವ ಫೀನೈಲ್ ಎಥನಾಲ್. ಮೀಥೈಲ್ ಬೆನ್ಝೊಯೇಟಿನ ಕಿಣ್ವವನ್ನು ತಗ್ಗಿಸಿದಾಗ ಇಳಿದುದು ಮೀಥೈಲ್ ಬೆನ್ಝೊಯೇಟು. ಮಾರ್ಗದ ಒಂದು ನಿರ್ದಿಷ್ಟ ಹೆಜ್ಜೆಯನ್ನು ತಡೆದರೆ ಗಿಡವು ಕೊಡುವ ಉತ್ತರದ ಮಾದರಿ ಇಂಥದು. ಇದಕ್ಕೆ ವಿರುದ್ಧವಾದ ಇನ್ನೊಂದು ಮಾದರಿಯೂ ಇದೆ. ಒಡೊರಂಟ್-೧ ಎಂಬ ನಿಯಂತ್ರಕ ಪ್ರೋಟೀನನ್ನು ೨೦೦೫ರಲ್ಲಿ ತಗ್ಗಿಸಿದಾಗ, ಶಿಕಿಮೇಟ್ ಮಾರ್ಗದಿಂದ ಬರುವ ಪೂರೈಕೆಯೇ ಕುಗ್ಗಿ, ಬೇರೆ ಬೇರೆ ಕವಲುಗಳ ಪರಿಮಳ ವಸ್ತುಗಳು ಒಟ್ಟಿಗೆ ಇಳಿದುವು. ಎಸ್ಟರೇಸನ್ನು ತಗ್ಗಿಸಿದ ಗಿಡದ ಉತ್ತರವು ಇವೆರಡರಲ್ಲಿ ಯಾವುದನ್ನು ಹೋಲುತ್ತದೆ? ನಿಸ್ಸಂದೇಹವಾಗಿ ಎರಡನೆಯದನ್ನು. ಆದರೆ ಎಸ್ಟರೇಸ್ ನಿಯಂತ್ರಕ ಪ್ರೋಟೀನಲ್ಲ. ಅದು ನಡುದಾರಿಯ ಒಂದು ಕಿಣ್ವ. ಈ ವೈಷಮ್ಯವೇ ಪ್ರಬಂಧದ ಅತ್ಯಂತ ಬೆಲೆಯುಳ್ಳ ಭಾಗವೆಂದು ನಮ್ಮ ಅಭಿಪ್ರಾಯ. ಕಾಂಡಕ್ಕೂ ಹೂವಿಗೂ ಒಂದೇ ಆಲ್ಕೊಹಾಲು ಮೂಲವೆಂಬ ಸ್ವಾರಸ್ಯದ ಹೊಳಪಿನಲ್ಲಿ ಅದು ಮರೆಯಾಗಿ ಹೋಗುತ್ತದೆ.

ಫೀನೈಲ್ ಅಲನೀನ್ ಏಕೆ ತಗ್ಗಿತು? ಕೆರೆಯ ನೀರು ತಗ್ಗುವುದು ಎರಡು ಬಗೆಯಲ್ಲಿ: ಒಳಹರಿವು ನಿಂತು, ಅಥವಾ ಹೊರಹರಿವು ಹೆಚ್ಚಿ. ಸಿನ್ನಮಿಕ್ ಆಮ್ಲವನ್ನು ಮುಂದಕ್ಕೆ ತಳ್ಳುವ ಕಿಣ್ವದ ಜೀನು ಎರಡರಷ್ಟಕ್ಕೂ ಮೀರಿ ಚುರುಕಾಗಿದೆಯೆಂದ ಮೇಲೆ ಹೊರಹರಿವು ಹೆಚ್ಚಿರಬಹುದು. ಆಗ ಬೆನ್ಝೊಯೇಟುಗಳಿಗೆ ಸಿಕ್ಕಬೇಕಾದ ಸಿನ್ನಮಿಕ್ ಆಮ್ಲವು ಕೆಳಕ್ಕೆ ಸೆಳೆದುಹೋಯಿತೆಂದು ಹೇಳಬಹುದು. ಒಳಹರಿವಿನ ಪಕ್ಷವನ್ನು ಹಿಡಿಯುವವರು ಶ���ಕಿಮಿಕ್ ಆಮ್ಲದ ಕಡೆಗೆ ಬೆರಳುಮಾಡುತ್ತಾರೆ. ಫೀನೈಲ್ ಅಲನೀನ್ ಹುಟ್ಟುವುದು ಶಿಕಿಮಿಕ್ ಆಮ್ಲದಿಂದಲೇ. ಎಸ್ಟರೇಸ್ ಕುಂದಿದರೆ ಆ ಆಮ್ಲವು ಕೆಫಿಯೋಯಿಲ್ ಶಿಕಿಮೇಟಿನಲ್ಲಿ ಸೆರೆಸಿಕ್ಕಿ ಉಳಿಯುತ್ತದಲ್ಲವೇ ಎಂಬುದು ಅವರ ತರ್ಕ. ಆಕರ್ಷಕವಾದ ತರ್ಕ, ಸಂದೇಹವಿಲ್ಲ. ಆದರೆ ಶಿಕಿಮಿಕ್ ಆಮ್ಲವು ಫೀನೈಲ್ ಅಲನೀನಿನ ಕಡೆಗೆ ಮುಂದುವರಿಯುವುದು ಪ್ಲಾಸ್ಟಿಡ್‌ಗಳ ಒಳಗೆ; ಎಸ್ಟರುಗಳನ್ನು ಕಟ್ಟುವ ಒಡೆಯುವ ಕೆಲಸ ನಡೆಯುವುದು ಅವುಗಳ ಹೊರಗೆ, ಕೋಶರಸದ ಕಡೆಯಲ್ಲಿ. ಹೊರಗೆ ಬಿಡುಗಡೆಯಾದ ಶಿಕಿಮಿಕ್ ಆಮ್ಲವು ಮತ್ತೆ ಒಳಕ್ಕೆ ಹೋಗುವುದೆಂದು ತೋರಿಸಿದಲ್ಲದೆ ಈ ವಾದ ನಿಲ್ಲಲಾರದು.

ಜೀನುಗಳು ಚುರುಕಾದುವೆಂಬ ಸಾಕ್ಷ್ಯವನ್ನೂ ಎಚ್ಚರಿಕೆಯಿಂದ ಬಳಸಬೇಕು. ಸಂದೇಶವಾಹಕ ಆರ್‌ಎನ್‌ಎ ಹೆಚ್ಚಿದ ಮಾತ್ರಕ್ಕೆ ಕಿಣ್ವದ ಕೆಲಸ ಹೆಚ್ಚಿತೆನ್ನಲು ಬಾರದು. ಫೀನೈಲ್ ಅಲನೀನಿನ ಅಮೋನಿಯವನ್ನು ಕಳೆಯುವ ಮೊದಲನೆಯ ಕಿಣ್ವವನ್ನು ಹುಡುಕಿ ನಾಶಮಾಡುವ ಪ್ರೋಟೀನುಗಳೇ ಅರಾಬಿಡಾಪ್ಸಿಸ್‌ನಲ್ಲಿವೆಯೆಂದು ೨೦೧೩ರಲ್ಲಿ ತಿಳಿದುಬಂದಿದೆ. ಶೇಖರವಾದ ಕೂಮರಿಕ್ ಆಮ್ಲದ ಭಾರವನ್ನು ಇಳಿಸಲೆಂದು ಗಿಡವು ಹೈಡ್ರಾಕ್ಸಿಲನ್ನು ಸೇರಿಸುವ ಎರಡು ಕಿಣ್ವಗಳನ್ನೂ ಹೆಚ್ಚಿಸಿಕೊಂಡಿತೆಂಬ ಅರ್ಥದ ವಿವರಣೆಯನ್ನು ಪ್ರಬಂಧ ಸೂಚಿಸುತ್ತದೆ. ಎರಡನೆಯ ಹೈಡ್ರಾಕ್ಸಿಲಿನ ಕಿಣ್ವದ ಮಟ್ಟಿಗೆ ಇದನ್ನು ಹೇಗೋ ಒಪ್ಪಬಹುದು. ಮೊದಲನೆಯದರ ಮಟ್ಟಿಗೆ ಒಪ್ಪುವುದು ಕಷ್ಟ. ಆ ಕಿಣ್ವದ ಉತ್ಪನ್ನವೇ ಕೂಮರಿಕ್ ಆಮ್ಲವಾಗಿರುವಾಗ, ಅದನ್ನು ಹೆಚ್ಚಿಸಿದರೆ ಭಾರ ಏರಬೇಕೇ ಹೊರತು ಇಳಿಯಲಾರದು. ಗಿಡಕ್ಕೆ ಉದ್ದೇಶವನ್ನು ಆರೋಪಿಸುವ ಭಾಷೆಗೆ ಒಗ್ಗಿಹೋದರೆ ಇಂಥ ತೊಡಕುಗಳು ಕಣ್ಣಿಗೆ ಬೀಳುವುದಿಲ್ಲ.

ಫೆರೂಲಿಕ್ ಆಮ್ಲ ಇಳಿಯದೆ ಕೆಫೀಯಿಕ್ ಆಮ್ಲ ಮಾತ್ರ ಇಳಿದುದರಿಂದ ಎಸ್ಟರೇಸ್ ಮುಖ್ಯವಾಗಿ ಕೆಫಿಯೋಯಿಲ್ ಶಿಕಿಮೇಟಿನ ಮೇಲೆಯೇ ಕೆಲಸಮಾಡುತ್ತದೆಂದು ಊಹಿಸಿದ್ದಾರೆ. ಊಹೆ ನಿಜವಿರಬಹುದು, ಆದರೆ ಕರೆದ ಸಾಕ್ಷಿ ಅಷ್ಟು ಬಲವಾದುದಲ್ಲ. ಅರಾಬಿಡಾಪ್ಸಿಸ್‌ನಲ್ಲಿ ಬಿಡಿಯಾದ ಫೆರೂಲಿಕ್ ಆಮ್ಲವು ಕೋನಿಫೆರಾಲ್ಡಿಹೈಡಿನ ಉತ್ಕರ್ಷಣದಿಂದ ಹುಟ್ಟುತ್ತದೆಂದು ೨೦೦೪ರಲ್ಲಿಯೇ ಸಿದ್ಧವಾಗಿದೆ. ಅದು ಹೆದ್ದಾರಿಯ ಮೇಲಿನ ಊರಲ್ಲ, ಪಕ್ಕದ ಹಳ್ಳಿ. ಪಕ್ಕದ ಹಳ್ಳಿಯಲ್ಲಿ ಜನಸಂಖ್ಯೆ ಬದಲಾಗಲಿಲ್ಲವೆಂಬುದರಿಂದ ಹೆದ್ದಾರಿಯ ಸಂಚಾರವನ್ನು ಅಳೆಯುವುದು ಸಾಧ್ಯವಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಕುಳ್ಳುತನದ್ದು. ನೀರ್ನಾಳಗಳು ದುರ್ಬಲವಾದ ಗಿಡವು ಬಡಗಿಡ. ಅದರ ಎಲೆ, ಸಕ್ಕರೆ, ಹೂವು ಎಲ್ಲವೂ ಬಡವೇ. ಬಡಗಿಡದ ಹೂವು ಕಡಮೆ ಪರಿಮಳವನ್ನು ಬೀರಿದರೆ ಅದು ಎಸ್ಟರೇಸಿಗೆ ದಳದಲ್ಲಿರುವ ಪಾತ್ರವೇ, ಅಥವಾ ಕಾಂಡದಲ್ಲಿರುವ ಪಾತ್ರದ ದೂರದ ಪರಿಣಾಮವೇ? ದಳದಲ್ಲಿ ಲಿಗ್ನಿನ್ ಇರುವುದು ನರಗಳಲ್ಲಿ, ಅದೂ ಅತ್ಯಲ್ಪ. ಇಡೀ ಗಿಡದಲ್ಲಿ ಜೀನನ್ನು ತಗ್ಗಿಸುವ ವಿಧಾನವು ಈ ಎರಡನ್ನು ಬೇರ್ಪಡಿಸಲಾರದು. ಕುಳ್ಳುತನವನ್ನು ಸಹ ಲಿಗ್ನಿನ್ನಿನ ಕೊರತೆಯ ನೇರ ಫಲವೆಂದು ತಿಳಿಯುವುದು ಈಗ ಸುರಕ್ಷಿತವಲ್ಲ. ಎರಡನೆಯ ಹೈಡ್ರಾಕ್ಸಿಲಿನ ಕಿಣ್ವ ಕೆಟ್ಟು ಕುಳ್ಳಾಗಿದ್ದ ಅರಾಬಿಡಾಪ್ಸಿಸ್ ಗಿಡದಲ್ಲಿ, ಜೀನುಗಳ ವ್ಯವಹಾರವನ್ನು ನಡೆಸುವ ಮೀಡಿಯೇಟರ್ ಎಂಬ ಪ್ರೋಟೀನ್ ಸಮೂಹದ ಒಂದು ಅಂಗವನ್ನೂ ತೆಗೆದುಹಾಕಿದಾಗ, ಗಿಡ ಮತ್ತೆ ಬೆಳೆಯಿತು. ಲಿಗ್ನಿನ್ನಿನ ಪ್ರಮಾಣವೂ ಸುಧಾರಿಸಿತು. ಆದರೆ ಕೋನಿಫೆರಿಲ್, ಸಿನಾಪಿಲ್ ಘಟಕಗಳು ಮಾತ್ರ ಮರಳಲಿಲ್ಲ. ಅಮೆರಿಕದ ಬೋನಾವಿಟ್ಜ್, ಚಾಪಲ್ ಮೊದಲಾದವರು ೨೦೧೪ರಲ್ಲಿ ಪ್ರಕಟಿಸಿದ ಈ ಫಲಿತಾಂಶವು, ತಡೆಯಾದ ಮಾರ್ಗದ ಸುದ್ದಿ ಗಿಡದಲ್ಲೆಲ್ಲ ಹರಡಿ ಗಿಡವೇ ತನ್ನ ಬೆಳವಣಿಗೆಯನ್ನೂ ಜೀನುಗಳನ್ನೂ ಹಿಡಿತಕ್ಕೆ ತಂದುಕೊಳ್ಳುತ್ತದೆಂಬುದಕ್ಕೆ ಬಲವಾದ ಆಧಾರ. ಪೆಟೂನಿಯದಲ್ಲಿ ಪರಿಮಳದ ಎಲ್ಲ ಕವಲುಗಳೂ ಒಟ್ಟಿಗೆ ಬಾಡಿದುದಕ್ಕೆ ಇಂಥದೊಂದು ಸುದ್ದಿಯೇ ಕಾರಣವಾಗಿದ್ದರೆ ನಮಗೆ ಆಶ್ಚರ್ಯವಾಗದು.

ಇದೆಲ್ಲ ಪಂಡಿತರ ಜಗಳವೆಂದು ಕೆಲವರಿಗೆ ತೋರಬಹುದು. ಹಾಗಲ್ಲ. ಲಿಗ್ನಿನ್ ಕಾಗದದ ಕಾರ್ಖಾನೆಗೆ ಕಸ, ಹಸುವಿನ ಹೊಟ್ಟೆಗೆ ಜೀರ್ಣವಾಗದ ಹೊರೆ, ಸಸ್ಯದಿಂದ ಇಂಧನ ತೆಗೆಯುವವರಿಗೆ ಅಡ್ಡಿ. ಎಸ್ಟರೇಸಿಲ್ಲದ ಅರಾಬಿಡಾಪ್ಸಿಸ್‌ನಲ್ಲಿ ಪೂರ್ವಸಂಸ್ಕಾರವಿಲ್ಲದೆಯೇ ಸೆಲ್ಯುಲೋಸಿನಿಂದ ದೊರೆತ ಗ್ಲೂಕೋಸು ನಾಲ್ಕು ಪಟ್ಟಿನವರೆಗೆ ಏರಿತು. ಆದ್ದರಿಂದ ಲಿಗ್ನಿನ್ ಕಡಮೆಯಿರುವ ತಳಿಗಳಿಗಾಗಿ ಬಹುಕಾಲದಿಂದ ಹುಡುಕಾಟ ನಡೆದಿದೆ. ಎಲೆಯ ನಡುನರ ಕಂದಾಗಿರುವ ಮುಸುಕಿನ ಜೋಳದ ಅಂಥ ಗಿಡ ೧೯೨೪ರಲ್ಲಿಯೇ ಅಮೆರಿಕದಲ್ಲಿ ಕಣ್ಣಿಗೆ ಬಿದ್ದಿತು. ಜೋಳದಲ್ಲಿಯೂ ಆ ಬಗೆಯವು ಇವೆ. ಲಿಗ್ನಿನ್ ತಗ್ಗಿಸಿದ ಕುದುರೆಮೆಂತ್ಯಕ್ಕೆ ೨೦೧೪ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆಯೂ ದೊರೆಯಿತು. ಮಾರ್ಗದ ಕಿಣ್ವವೊಂದನ್ನು ಕೈಗೆತ್ತಿಕೊಳ್ಳುವ ತಳಿಗಾರನು ತಾನು ಒಂದು ತೂಬನ್ನು ಮಾತ್ರ ತಿರುಗಿಸುತ್ತಿದ್ದೇನೆಂದು ನಂಬಿದ್ದರೆ, ದುಂಬಿಯನ್ನು ಕರೆಯುವ, ಕೀಟವನ್ನು ಓಡಿಸುವ ಎಷ್ಟೋ ವಸ್ತುಗಳು ಅದೇ ಕೆರೆಯ ನೀರನ್ನು ಕುಡಿಯುತ್ತಿವೆಯೆಂಬುದು ಅವನ ಲೆಕ್ಕದಲ್ಲಿ ಸೇರುವುದೇ ಇಲ್ಲ. ಪೆಟೂನಿಯದ ಪ್ರಬಂಧವು ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಯಿಸಿದೆ. ಅದಕ್ಕಾಗಿ ನಾವು ಅದರ ಕರ್ತೃಗಳಿಗೆ ಋಣಿಗಳು.

ಪ್ರಶ್ನೆಯನ್ನು ಬಗೆಹರಿಸುವ ದಾರಿಗಳು ಇಲ್ಲದಿಲ್ಲ. ಅರಾಬಿಡಾಪ್ಸಿಸ್‌ನಲ್ಲಿ ಎಸ್ಟರೇಸಿಲ್ಲದ ಗಿಡಕ್ಕೆ ನೀರ್ನಾಳಗಳಲ್ಲಿ ಮಾತ್ರ ಆ ಕಿಣ್ವವನ್ನು ಮರಳಿಸುವ ಕ್ರಮವನ್ನು ೨೦೧೬ರಲ್ಲಿ ಅನುಸರಿಸಿದ್ದಾರೆ. ಪೆಟೂನಿಯದಲ್ಲಿಯೂ ಹಾಗೆ ಮಾಡಿ ಕಾಂಡವನ್ನು ಸರಿಪಡಿಸಿ, ದಳದಲ್ಲಿ ಮಾತ್ರ ಕೊರತೆಯನ್ನು ಉಳಿಸಬೇಕು. ಆಗ ಯೂಜೆನಾಲ್, ಐಸೊಯೂಜೆನಾಲ್‌ಗಳಷ್ಟೇ ಇಳಿದು ಮೀಥೈಲ್ ಬೆನ್ಝೊಯೇಟು ಮೊದಲಿನಂತಿದ್ದರೆ, ಎಸ್ಟರೇಸಿಗೆ ಪರಿಮಳದ ಮಾರ್ಗದಲ್ಲಿ ನಮ್ಮ ಎರಡನೆಯ ಅರ್ಥದ ಪಾತ್ರವಿದೆಯೆಂದು ಯಾರೂ ಒಪ್ಪುವರು. ಯಾವುದೂ ಇಳಿಯದಿದ್ದರೆ, ದಳದಲ್ಲಿ ವರ್ಗಾವಣ ಕಿಣ್ವದ ಹಿಂದುಮುಂದಾದ ನಡಿಗೆಯೇ ಸಾಕಾಗುತ್ತದೆಂದು ತಿಳಿಯಬೇಕು. ಎಲ್ಲವೂ ಇಳಿದರೆ, ಬಿಡಿಸಿದ ಹೂವುಗಳಿಗೆ ಹೊರಗಿನಿಂದ ಫೀನೈಲ್ ಅಲನೀನನ್ನು ಉಣಿಸಿ ನೋಡಬೇಕು. ಗುರುತು ಹಚ್ಚಿದ ಫೀನೈಲ್ ಅಲನೀನನ್ನು ಪೆಟೂನಿಯದ ದಳಗಳಿಗೆ ಕೊಟ್ಟು ಅದರ ಜಾಡನ್ನು ಹಿಡಿಯುವ ಕೆಲಸ ೨೦೦೪ರಲ್ಲಿಯೇ ನಡೆದಿರುವುದರಿಂದ ವಿಧಾನವೇನೂ ಹೊಸದಲ್ಲ. ಉಣಿಸಿದ ಮೇಲೆ ಬೆನ್ಝೊಯೇಟುಗಳು ಮರಳಿ, ಯೂಜೆನಾಲುಗಳು ಮರಳದೆ ಇದ್ದರೆ, ಒಂದೇ ಗಿಡದಲ್ಲಿ ಕೆರೆಯ ಕೊರತೆಯನ್ನೂ ತೂಬಿನ ಕೊರತೆಯನ್ನೂ ಬೇರೆ ಬೇರೆಯಾಗಿ ಅಳೆದಂತಾಗುತ್ತದೆ.